ಫೋನಿನ ಬ್ಯಾಟರಿ ಸೊರಗುವುದು ಯಾಕೆ? ರಾತ್ರಿಯಿಡೀ ಚಾರ್ಜಿಗೆ ಹಾಕುವುದಕ್ಕಿಂತ ಬಿಸಿಲು ದೊಡ್ಡ ಶತ್ರು

ಕಲಬುರಗಿಯಲ್ಲಿರುವ ನನ್ನ ಬಾಲ್ಯದ ಗೆಳೆಯ ಔಷಧ ಕಂಪನಿಯೊಂದರ ಪ್ರತಿನಿಧಿ. ದಿನವಿಡೀ ಸ್ಕೂಟರಿನ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಕೆಲಸ ಅವನದು. ಕಳೆದ ಮೇ ತಿಂಗಳಲ್ಲಿ, ಹೆಂಡತಿಯ ಫೋನಿನಿಂದ ತೆಗೆದ ತನ್ನ ಫೋನಿನ ಚಿತ್ರವೊಂದನ್ನು ನಮಗೆಲ್ಲ ಕಳಿಸಿದ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಪಕ್ಕದಿಂದ ತೆಗೆದ ಚಿತ್ರ. ಹಿಂಬದಿಯ ಮುಚ್ಚಳ ಒಂದು ಅಂಚಿನಲ್ಲಿ ಅಂಟು ಬಿಟ್ಟು ಮೇಲೆದ್ದಿತ್ತು. ಆ ಸಂದಿಯೊಳಗೆ ಅವನು ತನ್ನದೇ ವಿಸಿಟಿಂಗ್ ಕಾರ್ಡನ್ನು ತೂರಿಸಿ ತೋರಿಸಿದ್ದ. ಜೊತೆಗೆ ಒಂದೇ ಸಾಲಿನ ಪ್ರಶ್ನೆ: “ರಾತ್ರಿಯೆಲ್ಲಾ ಚಾರ್ಜಿಗೆ ಹಚ್ಚಿದ್ದಕ್ಕ ಹಿಂಗಾಗ್ಯದೇನೋ?”

ಅಲ್ಲ ಎಂದು ನಾನು ಉತ್ತರಿಸಿದೆ. ಆದರೆ ಬರೀ ಅಲ್ಲ ಎಂದರೆ ಸಾಲದು, ಯಾಕೆ ಅಲ್ಲ ಎಂದು ಹೇಳಬೇಕಾಗುತ್ತದೆ. ಫೋನಿನ ಬ್ಯಾಟರಿಯ ಬಗ್ಗೆ ನಮ್ಮಲ್ಲಿ ಓಡಾಡುವಷ್ಟು ನಿಯಮಗಳು ಬೇರಾವ ವಸ್ತುವಿನ ಬಗ್ಗೆಯೂ ಇರಲಾರವು. ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕು ಎನ್ನುವವರಿದ್ದಾರೆ, ಖಾಲಿಯಾಗಲು ಬಿಡಲೇಬಾರದು ಎನ್ನುವವರಿದ್ದಾರೆ, ಹೊಸ ಫೋನನ್ನು ಮೊದಲ ಸಲ ಎಂಟು ಗಂಟೆ ಚಾರ್ಜಿಗೆ ಇಡಬೇಕು ಎಂದು ಇಂದಿಗೂ ಹೇಳಿ ಕಳಿಸುವ ಅಂಗಡಿಯವರಿದ್ದಾರೆ. ಇವುಗಳಲ್ಲಿ ಕೆಲವು ಒಂದು ಕಾಲಕ್ಕೆ ನಿಜವಾಗಿದ್ದವು, ಕೆಲವು ಅರ್ಧ ನಿಜ. ಜನ ಈ ನಿಯಮಗಳನ್ನೆಲ್ಲ ಕಷ್ಟಪಟ್ಟು ಪಾಲಿಸುತ್ತಲೇ, ಬ್ಯಾಟರಿಯನ್ನು ನಿಜಕ್ಕೂ ಹಾಳು ಮಾಡುವ ಕೆಲಸವನ್ನು ದಿನವೂ ಮಾಡುತ್ತಿರುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಬ್ಯಾಟರಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಯಾವ ಮಾತನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಇಂದಿನ ಎಲ್ಲ ಫೋನುಗಳಲ್ಲೂ ಇರುವುದು ಲಿಥಿಯಂ ಅಯಾನ್ ಜಾತಿಯ ಬ್ಯಾಟರಿ. ಅದರೊಳಗೆ ಎರಡು ಉದ್ದನೆಯ ಲೋಹದ ಹಾಳೆಗಳಿರುತ್ತವೆ. ತಾಮ್ರದ ಹಾಳೆಯ ಮೇಲೆ ಗ್ರಾಫೈಟ್, ಅಂದರೆ ಪೆನ್ಸಿಲಿನ ಸೀಸದಲ್ಲಿರುವ ಅದೇ ಇಂಗಾಲದ ರೂಪ, ಲೇಪಿಸಲಾಗಿರುತ್ತದೆ. ಅಲ್ಯೂಮಿನಿಯಂ ಹಾಳೆಯ ಮೇಲೆ ಸಾಮಾನ್ಯವಾಗಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಲೇಪಿಸಲಾಗಿರುತ್ತದೆ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ಸೂಕ್ಷ್ಮ ರಂಧ್ರಗಳಿರುವ ತೆಳು ಪ್ಲಾಸ್ಟಿಕ್ ಪೊರೆಯೊಂದನ್ನಿಟ್ಟು, ಎಲ್ಲವನ್ನೂ ಸೇರಿಸಿ ಸುರುಳಿ ಸುತ್ತಿ ಅಥವಾ ಪದರ ಪದರವಾಗಿ ಜೋಡಿಸಿ, ಲಿಥಿಯಂ ಲವಣ ಬೆರೆಸಿದ ದ್ರಾವಣವೊಂದನ್ನು ತುಂಬಿ, ಬೆಳ್ಳಿ ಬಣ್ಣದ ಚೀಲದೊಳಗೆ ಮುಚ್ಚಿಬಿಡುತ್ತಾರೆ. ಎರಡೂ ಲೇಪನಗಳ ಒಳರಚನೆ ಒಂದರ ಮೇಲೊಂದು ಪೇರಿಸಿಟ್ಟ ಹಪ್ಪಳಗಳಂತೆ ಇರುತ್ತದೆ. ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಲಿಥಿಯಂ ಕಣಗಳು, ಬಂದು ಕೂರುವುದು ಆ ಹಪ್ಪಳಗಳ ನಡುವಿನ ಸಂದಿಯಲ್ಲಿ. ಚಾರ್ಜ್ ಮಾಡುವಾಗ ಅವು ಕೋಬಾಲ್ಟ್ ಬದಿಯಿಂದ ಹೊರಟು, ದ್ರಾವಣದಲ್ಲಿ ಈಜಿ, ಪೊರೆಯನ್ನು ದಾಟಿ ಗ್ರಾಫೈಟಿನ ಸಂದಿಗಳಲ್ಲಿ ಸೇರಿಕೊಳ್ಳುತ್ತವೆ. ಫೋನ್ ಬಳಸುವಾಗ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಅಯಾನುಗಳು ಒಳಗಿನಿಂದ ಸಾಗುವಾಗ ಎಲೆಕ್ಟ್ರಾನುಗಳು ಹೊರಗಿನ ಸರ್ಕ್ಯೂಟಿನ ಮೂಲಕ ಸಾಗುತ್ತವೆ, ಆ ಹರಿವಿನಿಂದಲೇ ಫೋನಿನ ಪರದೆ ಬೆಳಗುತ್ತದೆ.

ಈ ರಚನೆ ಒಬ್ಬರ ಕೈಯಲ್ಲಿ ಒಂದೇ ದಿನಕ್ಕೆ ಆದದ್ದಲ್ಲ. ಪದರಗಳ ನಡುವೆ ಲಿಥಿಯಂ ಕೂರಿಸುವ ವಿದ್ಯೆಯನ್ನು 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಕೋಬಾಲ್ಟ್ ಆಕ್ಸೈಡನ್ನು ಬಳಸಿ ನಾಲ್ಕು ವೋಲ್ಟ್ ಪಡೆದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಶುದ್ಧ ಲಿಥಿಯಂ ಲೋಹದ ಬದಲಿಗೆ ಇಂಗಾಲವನ್ನಿಟ್ಟು ಅದನ್ನು ಸುರಕ್ಷಿತಗೊಳಿಸಿದರು; 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ಈ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ.

ಬ್ಯಾಟರಿ ಯಾಕೆ ಮುಪ್ಪಾಗುತ್ತದೆ ಎಂಬುದು ಈಗ ನೋಡಬೇಕಾದ ವಿಷಯ. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡಿದಾಗಲೇ ಗ್ರಾಫೈಟಿನ ಮೇಲ್ಮೈಯಲ್ಲಿ ದ್ರಾವಣ ಸ್ವಲ್ಪ ಒಡೆದು ಒಂದು ತೆಳ್ಳನೆಯ ಪದರ ಕಟ್ಟುತ್ತದೆ. ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಣ್ಣೆ ಕಾದು ಕಟ್ಟಿದ ತೆಳು ಪದರವಿದ್ದರೆ ದೋಸೆ ಅಂಟದೆ ಏಳುತ್ತದೆ, ಅದಿಲ್ಲದೆ ಕಾವಲಿ ಬಳಕೆಗೆ ಬಾರದು. ಆದರೆ ಅದೇ ಪದರ ವರ್ಷಗಟ್ಟಲೆ ದಪ್ಪಗಾಗುತ್ತ ಹೋದರೆ ಕಿಟ್ಟವಾಗಿ, ಕಾವು ಮೇಲೆ ಬರುವುದೇ ತಡವಾಗುತ್ತದೆ. ಬ್ಯಾಟರಿಯೊಳಗಿನ ಪದರವೂ ಹಾಗೆಯೇ. ಅದು ಗ್ರಾಫೈಟನ್ನು ಕಾಪಾಡುತ್ತದೆ, ಜೊತೆಗೆ ದಿನದಿನಕ್ಕೆ ಅಷ್ಟಷ್ಟೇ ದಪ್ಪವಾಗುತ್ತದೆ, ಹಾಗೆ ದಪ್ಪವಾಗುವಾಗಲೆಲ್ಲ ಓಡಾಡಬೇಕಿದ್ದ ಲಿಥಿಯಂನ ಒಂದಂಶವನ್ನು ಶಾಶ್ವತವಾಗಿ ನುಂಗಿಕೊಳ್ಳುತ್ತದೆ. ಓಡಾಡುವ ಲಿಥಿಯಂ ಕಡಿಮೆಯಾದಷ್ಟೂ ಬ್ಯಾಟರಿಯ ಸಾಮರ್ಥ್ಯ ಇಳಿಯುತ್ತದೆ. ಪದರ ದಪ್ಪವಾದಷ್ಟೂ ಅಯಾನುಗಳ ದಾರಿ ಕಷ್ಟವಾಗಿ ಒಳಗಿನ ಪ್ರತಿರೋಧ ಏರುತ್ತದೆ. ಇವೆರಡೂ ಕೂಡಿದ ಸ್ಥಿತಿಗೆ ನಾವು ಬ್ಯಾಟರಿ ವೀಕ್ ಆಯಿತು ಎನ್ನುತ್ತೇವೆ.

ಫೋನನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಅದರ ವೇಗವನ್ನು ಹೆಚ್ಚಿಸುವ ಸಂಗತಿಗಳು ಮುಖ್ಯವಾಗಿ ಮೂರು: ಎಷ್ಟು ಸಲ ತುಂಬಿ ಖಾಲಿ ಮಾಡಿದ್ದೇವೆ, ಎಷ್ಟು ಹೊತ್ತು ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇಟ್ಟಿದ್ದೇವೆ, ಮತ್ತು ಎಷ್ಟು ಬಿಸಿಯಲ್ಲಿ ಇಟ್ಟಿದ್ದೇವೆ. ಮೂರಕ್ಕೂ ಸಮಾನ ತೂಕವಿಲ್ಲ. ನಮ್ಮ ಹವೆಯಲ್ಲಿ ಮೂರನೆಯದೇ ಅತಿ ಭಾರದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದನ್ನು ಬೇಗ ಮುಗಿಸೋಣ. ತುಂಬಿ ಖಾಲಿ ಮಾಡುವ ಒಂದು ಸುತ್ತಿಗೆ ಸೈಕಲ್ ಎನ್ನುತ್ತಾರೆ. ಸೈಕಲ್ ಎಂದರೆ ನೂರು ಪ್ರತಿಶತದಷ್ಟು ಬಳಕೆ, ಚಾರ್ಜರ್ ಚುಚ್ಚಿದ ಸಲಗಳ ಲೆಕ್ಕವಲ್ಲ. ಇವತ್ತು 50 ಪ್ರತಿಶತ ಬಳಸಿ ತುಂಬಿಸಿ, ನಾಳೆ ಇನ್ನು 50 ಬಳಸಿ ತುಂಬಿಸಿದರೆ ಎರಡೂ ಸೇರಿ ಒಂದು ಸೈಕಲ್. ಆದ್ದರಿಂದ ಮಧ್ಯೆ ಮಧ್ಯೆ ಹತ್ತು ನಿಮಿಷ ಚಾರ್ಜ್ ಮಾಡಿದರೆ ಆಯುಷ್ಯ ಕಳೆಯುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಆ್ಯಪಲ್ ತನ್ನ ಐಫೋನ್ 14 ಮತ್ತು ಅದಕ್ಕೂ ಹಿಂದಿನ ಫೋನುಗಳ ಬ್ಯಾಟರಿ 500 ಸೈಕಲ್ ಕಳೆದ ಮೇಲೂ ಮೂಲ ಸಾಮರ್ಥ್ಯದ 80 ಪ್ರತಿಶತ ಉಳಿಸಿಕೊಳ್ಳುವಂತೆ ರೂಪಿತವಾಗಿದೆ ಎನ್ನುತ್ತದೆ. ಐಫೋನ್ 15ರಿಂದ ಆ ಸಂಖ್ಯೆ 1000. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ ಕನಿಷ್ಠ 800 ಸೈಕಲ್‌ಗಳ ನಂತರವೂ 80 ಪ್ರತಿಶತ ಉಳಿಯಬೇಕೆಂಬುದು ಕಾನೂನೇ ಆಗಿದೆ. ದಿನಕ್ಕೊಂದು ಸೈಕಲ್ ಎಂದಿಟ್ಟುಕೊಂಡರೂ 800 ಎಂದರೆ ಎರಡು ವರ್ಷಕ್ಕಿಂತ ಹೆಚ್ಚು.

ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬ ಮಾತು ಬಂದದ್ದು ನಿಕಲ್ ಬ್ಯಾಟರಿಗಳ ಕಾಲದಿಂದ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳನ್ನು ಪದೇ ಪದೇ ಅರ್ಧಕ್ಕೆ ತುಂಬಿಸಿದರೆ ಅವು ಆ ಅರ್ಧವನ್ನೇ ತಮ್ಮ ಮಿತಿಯೆಂದು ನೆನಪಿಟ್ಟುಕೊಂಡಂತೆ ವರ್ತಿಸುತ್ತಿದ್ದವು. ಮೊದಲ ತಲೆಮಾರಿನ ಮೊಬೈಲುಗಳಲ್ಲಿ ನಿಕಲ್ ಜಾತಿಯ ಬ್ಯಾಟರಿಗಳು ಇದ್ದವು. ನೋಕಿಯಾ 3310 ಕೊಂಡವರ ಕೈಗೆ ಬಂದದ್ದೂ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ. ಅಂಗಡಿಯವರ ಎಂಟು ಗಂಟೆಯ ಸಲಹೆಯೂ ಆ ಕಾಲದ್ದೇ. ಬ್ಯಾಟರಿ ಬದಲಾಯಿತು, ಸಲಹೆ ಮಾತ್ರ ಹಾಗೆಯೇ ಉಳಿಯಿತು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವುದರಿಂದ ಅದಕ್ಕೆ ಏನೂ ಒಳ್ಳೆಯದಾಗುವುದಿಲ್ಲ. ಒಂದು ಚಿಕ್ಕ ತಿದ್ದುಪಡಿಯನ್ನು ಮಾತ್ರ ಸೇರಿಸಬೇಕು: ಪರದೆಯ ಮೇಲೆ ಕಾಣುವ ಪ್ರತಿಶತ ಒಂದು ಅಂದಾಜು, ಅದನ್ನು ಲೆಕ್ಕ ಹಾಕುವ ಚಿಪ್ ಕೆಲವೊಮ್ಮೆ ದಾರಿ ತಪ್ಪುತ್ತದೆ, ಅಂಥ ಫೋನನ್ನು ಒಮ್ಮೆ ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿದರೆ ಲೆಕ್ಕ ಸರಿಹೋಗಬಹುದು. ಸರಿಹೋಗುವುದು ಲೆಕ್ಕ, ಬ್ಯಾಟರಿಯಲ್ಲ.

ಇನ್ನು ರಾತ್ರಿಯಿಡೀ ಚಾರ್ಜ್ ಮಾಡುವ ವಿಷಯ. ಚಾರ್ಜಿಂಗ್ ಎರಡು ಹಂತಗಳಲ್ಲಿ ನಡೆಯುತ್ತದೆ. ಮೆಜೆಸ್ಟಿಕ್ಕಿನಲ್ಲಿ ಖಾಲಿ ಬಸ್ ಬಂದು ನಿಂತಾಗ ಮೊದಲ ನಲವತ್ತು ಜನ ಸರಸರನೆ ಹತ್ತಿ ಕೂರುತ್ತಾರೆ; ಸೀಟು ತುಂಬಿದ ಮೇಲೆ ಬಂದವರು ಸಂದಿ ಹುಡುಕಿ, ಒತ್ತಿಕೊಂಡು, ಒಬ್ಬೊಬ್ಬರಾಗಿ ಒಳಸೇರಬೇಕಾಗುತ್ತದೆ. ಗ್ರಾಫೈಟಿನಲ್ಲೂ ಹೀಗೆಯೇ. ಖಾಲಿ ಸಂದಿಗಳಿರುವವರೆಗೆ ಫೋನ್ ದೊಡ್ಡ ಕರೆಂಟನ್ನು ಒಳಬಿಡುತ್ತದೆ, ಬ್ಯಾಟರಿಯ ವೋಲ್ಟೇಜ್ ಗರಿಷ್ಠ ಮಿತಿಯನ್ನು, ಇಂದಿನ ಫೋನುಗಳಲ್ಲಿ ಸುಮಾರು 4.4 ವೋಲ್ಟನ್ನು, ಮುಟ್ಟಿದ ಮೇಲೆ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ 60 ಪ್ರತಿಶತ ತುಂಬುವ ಫೋನು ಕೊನೆಯ 10 ಪ್ರತಿಶತಕ್ಕೆ ಎಳೆದಾಡುವುದು ಈ ಕಾರಣಕ್ಕೆ. ಕರೆಂಟ್ ತೀರ ಕಡಿಮೆಯಾದಾಗ ಫೋನು ಚಾರ್ಜಿಂಗನ್ನು ತಾನೇ ನಿಲ್ಲಿಸುತ್ತದೆ. ಚಾರ್ಜರ್ ಚುಚ್ಚಿಯೇ ಇದ್ದರೂ ಬ್ಯಾಟರಿಯೊಳಗೆ ಹೆಚ್ಚಿನದೇನೂ ತುರುಕಲ್ಪಡುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ರಕ್ಷಣಾ ಸರ್ಕ್ಯೂಟು ಇರುತ್ತದೆ.

ಹಾಗಾದರೆ ರಾತ್ರಿಯ ಚಾರ್ಜಿಂಗಿನಿಂದ ಏನೂ ನಷ್ಟವಿಲ್ಲವೇ ಎಂದು ಕೇಳಿದರೆ, ಸ್ವಲ್ಪ ಇದೆ. ರಾತ್ರಿ ಹನ್ನೊಂದಕ್ಕೆ ಹಾಕಿದ ಫೋನ್ ಹನ್ನೆರಡೂವರೆಗೆ ತುಂಬಿ, ಬೆಳಗ್ಗೆ ಆರರವರೆಗೆ ನೂರು ಪ್ರತಿಶತದಲ್ಲೇ ಕೂತಿರುತ್ತದೆ. ಆ ಎತ್ತರದ ವೋಲ್ಟೇಜಿನಲ್ಲಿ ಕೋಬಾಲ್ಟ್ ಬದಿಯ ರಚನೆಯ ಮೇಲೂ ದ್ರಾವಣದ ಮೇಲೂ ಒತ್ತಡ ಹೆಚ್ಚು, ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಬಾಣವಿಟ್ಟು ಎಳೆದು ಹಿಡಿದ ಬಿಲ್ಲನ್ನು ಇಡೀ ರಾತ್ರಿ ಹಾಗೆಯೇ ಹಿಡಿದಿದ್ದಂತೆ. ಫೋನ್ ತಯಾರಕರು ಇದಕ್ಕೆ ಕಂಡುಕೊಂಡ ಪರಿಹಾರ ಚೆನ್ನಾಗಿದೆ. ನೀವು ಏಳುವ ಹೊತ್ತನ್ನು ಫೋನು ಕಲಿತುಕೊಂಡು, 80 ಪ್ರತಿಶತಕ್ಕೆ ನಿಂತು, ಉಳಿದದ್ದನ್ನು ಬೆಳಗಿನ ಜಾವ ತುಂಬಿಸುತ್ತದೆ. ಐಫೋನಿನಲ್ಲಿ ಈ ಸೌಲಭ್ಯ 2019ರಿಂದ ಇದೆ, ಬಹುತೇಕ ಆ್ಯಂಡ್ರಾಯ್ಡ್ ಫೋನುಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ. ಅನೇಕ ಫೋನುಗಳಲ್ಲಿ 80 ದಾಟದಂತೆಯೇ ಮಿತಿ ಹಾಕಬಹುದು. ಕಚೇರಿಯ ಮೇಜಿನ ಪಕ್ಕದಲ್ಲೇ ಚಾರ್ಜರ್ ಇರುವವರು ಆ ಮಿತಿ ಹಾಕಿಕೊಳ್ಳುವುದು ಜಾಣತನ. ಬೆಳಗ್ಗೆ ಮನೆ ಬಿಟ್ಟರೆ ರಾತ್ರಿ ಮರಳುವವರಿಗೆ ಪೂರ್ತಿ ಚಾರ್ಜು ಬೇಕೇ ಬೇಕು; ಬ್ಯಾಟರಿಯ ಆಯುಷ್ಯ ಉಳಿಸಲು ಹೋಗಿ ಸಂಜೆ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಸತ್ತು ನಿಂತರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಈಗ ಮೂರನೆಯ ಮತ್ತು ದೊಡ್ಡ ಕಾರಣಕ್ಕೆ ಬರುತ್ತೇನೆ. ರಾಸಾಯನಿಕ ಕ್ರಿಯೆಗಳ ವೇಗ ಉಷ್ಣಾಂಶ ಹತ್ತು ಡಿಗ್ರಿ ಏರಿದಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಬ್ಯಾಟರಿಯೊಳಗೆ ಪದರ ದಪ್ಪಗಾಗುವ ಕ್ರಿಯೆಗೂ ಈ ಬಗೆಯ ಲೆಕ್ಕವೇ ಅನ್ವಯಿಸುತ್ತದೆ. ಫೋನುಗಳನ್ನು ಸುತ್ತಲಿನ ಉಷ್ಣಾಂಶ 35 ಡಿಗ್ರಿ ದಾಟದ ಜಾಗದಲ್ಲಿ ಬಳಸಬೇಕೆಂದು ತಯಾರಕರೇ ಹೇಳುತ್ತಾರೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಿನ ಉಷ್ಣಾಂಶವೇ 42 ಮುಟ್ಟುತ್ತದೆ. ನೇರ ಬಿಸಿಲಿಗೆ ಒಡ್ಡಿದ ಕಪ್ಪು ಗಾಜಿನ ಫೋನು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ.

ನನ್ನ ಗೆಳೆಯನ ದಿನವನ್ನು ಈ ದೃಷ್ಟಿಯಿಂದ ನೋಡಿ. ಫೋನು ಸ್ಕೂಟರಿನ ಹ್ಯಾಂಡಲ್ ಮೇಲಿನ ಹೋಲ್ಡರಿನಲ್ಲಿ, ಬಿಸಿಲಿಗೆ ಮುಖ ಮಾಡಿ ಕೂತಿರುತ್ತದೆ. ಬಿಸಿಲಲ್ಲಿ ಕಾಣಲೆಂದು ಪರದೆಯ ಬೆಳಕು ಪೂರ್ತಿ ಏರಿರುತ್ತದೆ. ಮ್ಯಾಪ್ ಓಡುತ್ತಿರುವುದರಿಂದ ಜಿಪಿಎಸ್ಸೂ ಡೇಟಾವೂ ಪ್ರೊಸೆಸರೂ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಚಾರ್ಜ್ ಇಳಿಯದಿರಲಿ ಎಂದು ಸ್ಕೂಟರಿನ ಯುಎಸ್‌ಬಿ ಕಿಂಡಿಯಿಂದ ತಂತಿ ಎಳೆದು ಚುಚ್ಚಿರುತ್ತಾನೆ, ಹಾಗಾಗಿ ಬ್ಯಾಟರಿ ಸದಾ ತುಂಬಿದ್ದೇ ಇರುತ್ತದೆ. ಬಿದ್ದರೆ ಒಡೆಯದಿರಲಿ ಎಂದು ದಪ್ಪ ರಬ್ಬರಿನ ಕವರ್ ಬೇರೆ, ಅದು ಒಳಗಿನ ಶಾಖವನ್ನು ಹೊರಹೋಗಲು ಬಿಡುವುದಿಲ್ಲ. ಹೊರಗಿನ ಶಾಖ, ಒಳಗಿನ ಶಾಖ, ಎತ್ತರದ ವೋಲ್ಟೇಜು, ಮೂರೂ ಒಟ್ಟಿಗೆ, ದಿನಕ್ಕೆ ಐದಾರು ಗಂಟೆ. ಅಂಥ ಸ್ಥಿತಿಯಲ್ಲಿ ದ್ರಾವಣ ಒಡೆದು ಅನಿಲ ಹುಟ್ಟುತ್ತದೆ. ಚೀಲ ಮುಚ್ಚಿರುವುದರಿಂದ ಅನಿಲಕ್ಕೆ ಹೋಗಲು ಜಾಗವಿಲ್ಲ, ಚೀಲವೇ ಉಬ್ಬುತ್ತದೆ, ಉಬ್ಬಿದ ಚೀಲ ಮುಚ್ಚಳವನ್ನು ಎಬ್ಬಿಸುತ್ತದೆ. ಮನೆಯಲ್ಲಿ ಫ್ಯಾನಿನ ಕೆಳಗೆ ರಾತ್ರಿ ನಡೆಯುತ್ತಿದ್ದ ಚಾರ್ಜಿಂಗು ಆ ಫೋನಿನ ದಿನಚರಿಯಲ್ಲೇ ಅತ್ಯಂತ ಸೌಮ್ಯವಾದ ಭಾಗವಾಗಿತ್ತು.

ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದು, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಲ್ಲಿ ಬಿಟ್ಟು ಹೋಗುವುದು, ಚಾರ್ಜಿಗೆ ಹಾಕಿಕೊಂಡೇ ಗಂಟೆಗಟ್ಟಲೆ ಗೇಮ್ ಆಡುವುದು, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ತಂತಿಯಿಲ್ಲದ ಚಾರ್ಜಿಂಗಿನಲ್ಲೂ ಶಕ್ತಿಯ ಒಂದು ಪಾಲು ಶಾಖವಾಗಿ ಸೋರುತ್ತದೆ, ಫೋನನ್ನು ಪ್ಯಾಡಿನ ಮೇಲೆ ಸರಿಯಾಗಿ ಇಡದಿದ್ದರೆ ಇನ್ನೂ ಹೆಚ್ಚು. ಮುಟ್ಟಿ ನೋಡಿದಾಗ ಫೋನಿನ ಬೆನ್ನು ಕೈಗೆ ಅಹಿತವೆನಿಸುವಷ್ಟು ಬಿಸಿಯಾಗಿದ್ದರೆ ತಂತಿ ತೆಗೆಯಿರಿ, ಕವರ್ ಬಿಚ್ಚಿ, ನೆರಳಿಗಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ತೇವ ಕಟ್ಟುತ್ತದೆ.

ಚಳಿಯ ಕಥೆ ಬೇರೆ. ಅಮೆರಿಕದ ಮಿನೆಸೋಟದಲ್ಲಿರುವ ಇನ್ನೊಬ್ಬ ಗೆಳೆಯನ ಫೋನು ಜನವರಿಯಲ್ಲಿ ಹೊರಗೆ ಹೋದಾಗ 30 ಪ್ರತಿಶತ ಇದ್ದಂತೆಯೇ ಆರಿಹೋಗುತ್ತದೆ, ಮನೆಯೊಳಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಅಯಾನುಗಳ ಚಲನೆ ಮಂದವಾಗಿ ಪ್ರತಿರೋಧ ಏರುತ್ತದೆ ಅಷ್ಟೆ, ಇದು ತಾತ್ಕಾಲಿಕ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವುದು ತಾತ್ಕಾಲಿಕ ತೊಂದರೆಯಲ್ಲ. ಮರಗಟ್ಟಿದ ಗ್ರಾಫೈಟಿನ ಸಂದಿಗೆ ನುಗ್ಗಲಾಗದ ಲಿಥಿಯಂ ಅದರ ಮೇಲ್ಮೈಯಲ್ಲೇ ಲೋಹವಾಗಿ ಕೂತುಬಿಡುತ್ತದೆ, ಅದು ಸಾಮರ್ಥ್ಯವನ್ನೂ ಸುರಕ್ಷತೆಯನ್ನೂ ಶಾಶ್ವತವಾಗಿ ಕೆಡಿಸುತ್ತದೆ. ಹೊರಗಿನಿಂದ ಬಂದ ಫೋನು ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಕಾಯುವುದು ಅಲ್ಲಿರುವವರಿಗೆ ಒಳ್ಳೆಯ ರೂಢಿ.

ನಮ್ಮ ಊರಿನ ಫೋನುಗಳೂ 20 ಪ್ರತಿಶತ ಇದ್ದಾಗಲೇ ಧಿಡೀರನೆ ಆರುವುದುಂಟು. ಅದಕ್ಕೆ ಕಾರಣ ಮುಪ್ಪಿನಿಂದ ಏರಿದ ಪ್ರತಿರೋಧ. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರಿದ್ದರೂ ಪೈಪಿನೊಳಗೆ ಗಡಸು ನೀರಿನ ಗಟ್ಟಿ ಕಟ್ಟಿಕೊಂಡಿದ್ದರೆ, ಸಣ್ಣಗೆ ನಲ್ಲಿ ತಿರುಗಿಸಿದಾಗ ನೀರು ಬರುತ್ತದೆ, ಶವರ್ ತಿರುಗಿಸಿದ ಕೂಡಲೇ ಸೊರಗುತ್ತದೆ. ಹಾಗೆಯೇ ಕ್ಯಾಮೆರಾ ತೆರೆದಾಗ ಅಥವಾ ಕರೆ ಬಂದಾಗ ಫೋನು ಒಮ್ಮೆಲೇ ಹೆಚ್ಚು ಕರೆಂಟ್ ಕೇಳಿದರೆ ಮುದಿ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಫೋನು ಆರುತ್ತದೆ. ಆ್ಯಪಲ್ 2017ರಲ್ಲಿ ಇಂಥ ಹಳೆಯ ಐಫೋನುಗಳು ಆರದಿರಲೆಂದು ಅವುಗಳ ವೇಗವನ್ನೇ ಸಾಫ್ಟ್‌ವೇರಿನ ಮೂಲಕ ತಗ್ಗಿಸಿತ್ತು. ಬಳಕೆದಾರರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲ. ವಿಷಯ ಹೊರಬಿದ್ದಾಗ ಡಿಸೆಂಬರಿನಲ್ಲಿ ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿತು. ಆ ಪ್ರಕರಣದಿಂದ ಆದ ಒಂದು ಲಾಭವೆಂದರೆ, ಫೋನು ನಿಧಾನವಾದದ್ದು ಬ್ಯಾಟರಿಯಿಂದಲೂ ಇರಬಹುದು, ಹೊಸ ಫೋನ್ ಕೊಳ್ಳುವ ಬದಲು ಹೊಸ ಬ್ಯಾಟರಿ ಹಾಕಿಸಿದರೆ ಸಾಕಾಗಬಹುದು ಎಂಬುದು ಅನೇಕರಿಗೆ ಮೊದಲ ಬಾರಿಗೆ ತಿಳಿಯಿತು.

ಫಾಸ್ಟ್ ಚಾರ್ಜಿಂಗ್ ಬಗ್ಗೆಯೂ ಗೆಳೆಯರು ಕೇಳುತ್ತಿರುತ್ತಾರೆ. 80 ವ್ಯಾಟ್, 120 ವ್ಯಾಟ್ ಎಂದು ಜಾಹೀರಾತಿನಲ್ಲಿ ಕಾಣುವ ಸಂಖ್ಯೆ ಚಾರ್ಜಿಂಗಿನ ಉದ್ದಕ್ಕೂ ಇರುವ ವೇಗವಲ್ಲ, ಮೊದಲ ಕೆಲವು ನಿಮಿಷಗಳ ಗರಿಷ್ಠ ವೇಗ ಮಾತ್ರ. ಇಂಥ ಅನೇಕ ಫೋನುಗಳಲ್ಲಿ ಒಂದರ ಬದಲು ಎರಡು ಬ್ಯಾಟರಿಗಳನ್ನಿಟ್ಟು ಕರೆಂಟನ್ನು ಹಂಚಿರುತ್ತಾರೆ, ಶಾಖದ ಮೇಲೆ ನಿಗಾ ಇಡುವ ಸೆನ್ಸರುಗಳಿರುತ್ತವೆ, ಬಿಸಿಯಾದರೆ ವೇಗ ತಾನೇ ಇಳಿಯುತ್ತದೆ. ಆದ್ದರಿಂದ ಕಂಪನಿಯೇ ಕೊಟ್ಟ ಚಾರ್ಜರಿನಲ್ಲಿ ವೇಗವಾಗಿ ಚಾರ್ಜ್ ಮಾಡಲು ಹೆದರಬೇಕಿಲ್ಲ. ತುರ್ತಿಲ್ಲದ ರಾತ್ರಿಯಲ್ಲಿ ನಿಧಾನದ ಚಾರ್ಜರ್ ಬಳಸಿದರೆ ಇನ್ನೂ ಒಳಿತು. ಟೈಪ್‌ ಸಿ ಕಿಂಡಿ ಒಂದೇ ಆಕಾರದ್ದಾದ ಮಾತ್ರಕ್ಕೆ ಎಲ್ಲ ಚಾರ್ಜರೂ ಒಂದೇ ವೇಗ ಕೊಡುತ್ತವೆ ಎಂದುಕೊಳ್ಳಬಾರದು. ಫೋನು ಮತ್ತು ಚಾರ್ಜರ್ ಮೊದಲು ಪರಸ್ಪರ ಮಾತಾಡಿಕೊಂಡು ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಎಂದು ಒಪ್ಪಂದಕ್ಕೆ ಬರುತ್ತವೆ. ಒಂದು ಕಂಪನಿಯ ಸ್ವಂತ ಪದ್ಧತಿ ಇನ್ನೊಂದಕ್ಕೆ ಗೊತ್ತಿಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ನಿಧಾನದ ಪದ್ಧತಿಗೆ ಇಳಿಯುತ್ತವೆ. ನಿಮ್ಮ 100 ವ್ಯಾಟ್ ಫೋನು ಗೆಳೆಯನ ಚಾರ್ಜರಿನಲ್ಲಿ ಆಮೆಯಾಗುವುದು ಹೀಗೆ.

ಪೆಟ್ಟಿಗೆಯ ಮೇಲಿನ ಎಂಎಎಚ್, ಅಂದರೆ ಮಿಲಿ ಆಂಪಿಯರ್ ಅವರ್, ಸಂಖ್ಯೆಯನ್ನು ಓದುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಿಜವಾದ ಶಕ್ತಿ ತಿಳಿಯಲು ಅದನ್ನು ವೋಲ್ಟೇಜಿನಿಂದ ಗುಣಿಸಬೇಕು. 5000 ಎಂಎಎಚ್ ಫೋನಿನ ಬ್ಯಾಟರಿ ಸುಮಾರು 3.85 ವೋಲ್ಟಿನದು, ಅಂದರೆ 19 ವ್ಯಾಟ್ ಅವರ್ ಚಿಲ್ಲರೆ. ಚಾರ್ಜರಿನಲ್ಲಿ ಸೋರುವುದನ್ನೂ ಸೇರಿಸಿ ದಿನಕ್ಕೆ 25 ಎಂದಿಟ್ಟುಕೊಂಡರೂ ಒಂದು ಯೂನಿಟ್ ವಿದ್ಯುತ್ತು, ಅಂದರೆ 1000 ವ್ಯಾಟ್ ಅವರ್, ನಲವತ್ತು ದಿನಕ್ಕೆ ಬರುತ್ತದೆ. ಫೋನ್ ಚಾರ್ಜಿನಿಂದ ಕರೆಂಟ್ ಬಿಲ್ ಏರಿತು ಎಂದು ಮಕ್ಕಳ ಮೇಲೆ ರೇಗುವುದು ನ್ಯಾಯವಲ್ಲ. ಹಾಗೆಯೇ 10000 ಎಂಎಎಚ್ ಪವರ್ ಬ್ಯಾಂಕು 5000ದ ಫೋನನ್ನು ಎರಡು ಸಲ ತುಂಬಿಸುವುದಿಲ್ಲ, ಅದು ಮೋಸವೂ ಅಲ್ಲ. ಆ 10000 ಎಂಬುದು ಒಳಗಿನ 3.7 ವೋಲ್ಟಿನ ಲೆಕ್ಕ, ಒಟ್ಟು 37 ವ್ಯಾಟ್ ಅವರ್. ಅದನ್ನು 5 ವೋಲ್ಟಿಗೆ ಏರಿಸಿ ಹೊರಕಳಿಸುವಾಗ ಸಂಖ್ಯೆ 7400ಕ್ಕೆ ಇಳಿಯುತ್ತದೆ, ಪರಿವರ್ತನೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ಪವರ್ ಬ್ಯಾಂಕಿನ ಬೆನ್ನ ಮೇಲೆ ಚಿಕ್ಕ ಅಕ್ಷರದಲ್ಲಿ ರೇಟೆಡ್ ಕೆಪ್ಯಾಸಿಟಿ ಎಂದು ಬರೆದಿರುವ ಸಂಖ್ಯೆಯೇ ನಿಮಗೆ ಸಿಗುವ ನಿಜವಾದ ಅಳತೆ. ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು. ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್ ಅವರ್. 20000 ಎಂಎಎಚ್‌ನದು 74, ಹಾಗಾಗಿ ಸಲ್ಲುತ್ತದೆ.

ಈಚೆಗೆ ತೆಳ್ಳನೆಯ ಫೋನುಗಳಲ್ಲೇ 6000, 7000 ಎಂಎಎಚ್ ಬರುತ್ತಿರುವುದರ ಹಿಂದೆ ಸಿಲಿಕಾನ್ ಕಾರ್ಬನ್ ಎಂಬ ಹೊಸ ಲೇಪನವಿದೆ. ಒಂದು ಗ್ರಾಂ ಗ್ರಾಫೈಟಿನಲ್ಲಿ ಸೈದ್ಧಾಂತಿಕವಾಗಿ 372 ಎಂಎಎಚ್‌ನಷ್ಟು ಲಿಥಿಯಂ ಹಿಡಿಸಿದರೆ, ಸಿಲಿಕಾನಿನಲ್ಲಿ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಹಿಡಿಸುತ್ತದೆ. ತೊಂದರೆ ಎಂದರೆ ಲಿಥಿಯಂ ಕುಡಿದ ಸಿಲಿಕಾನ್ ನೆನೆಸಿದ ಕಡಲೆಯಂತೆ ಉಬ್ಬುತ್ತದೆ, ಗಾತ್ರ ಮೂರು ನಾಲ್ಕು ಪಟ್ಟಾಗುತ್ತದೆ, ಉಬ್ಬಿ ಕುಗ್ಗಿ ಒಡೆಯುತ್ತದೆ. ಅದಕ್ಕಾಗಿ ಸಿಲಿಕಾನಿನ ಅತಿ ಸೂಕ್ಷ್ಮ ಕಣಗಳನ್ನು ಇಂಗಾಲದ ಜಾಲದೊಳಗೆ ಹಿಡಿದಿಟ್ಟು, ಗ್ರಾಫೈಟಿನ ಜೊತೆ ಮಿತವಾಗಿ ಬೆರೆಸುತ್ತಾರೆ. 2023ರಲ್ಲಿ ಆನರ್ ಕಂಪನಿ ಚೀನಾದಲ್ಲಿ ಮಾರಿದ ಮ್ಯಾಜಿಕ್ 5 ಪ್ರೋ ಮೂಲಕ ಇದು ಫೋನುಗಳಿಗೆ ಬಂತು. 2025ರ ಜನವರಿಯಲ್ಲಿ ಭಾರತಕ್ಕೆ ಬಂದ 6000 ಎಂಎಎಚ್‌ನ ಒನ್‌ಪ್ಲಸ್ 13ರಲ್ಲೂ ಇದೇ ಇದೆ. ತಂತ್ರಜ್ಞಾನ ಒಳ್ಳೆಯದು, ಆದರೆ ಇದರ ಫೋನುಗಳು ನಾಲ್ಕೈದು ವರ್ಷ ಜನರ ಕೈಯಲ್ಲಿ ಸವೆಯುವುದು ಇನ್ನಷ್ಟೇ ಆಗಬೇಕಿದೆ. ಬಿಸಿಲಿನ ನಿಯಮ ಇದಕ್ಕೂ ತಪ್ಪಿದ್ದಲ್ಲ.

ಬ್ಯಾಟರಿ ಬದಲಿಸುವ ಸಮಯ ಬಂದಿದೆಯೇ ಎಂದು ತಿಳಿಯಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. 80ಕ್ಕಿಂತ ಕೆಳಗಿದ್ದು ಸಂಜೆಯವರೆಗೂ ಚಾರ್ಜ್ ನಿಲ್ಲದಿದ್ದರೆ ಬದಲಿಸಿ. ಫೋನಿನ ಉಳಿದೆಲ್ಲ ಭಾಗಗಳು ಚೆನ್ನಾಗಿರುವಾಗ ಬ್ಯಾಟರಿಯೊಂದಕ್ಕಾಗಿ ಇಡೀ ಫೋನನ್ನು ಎಸೆಯುವುದು ನನಗೆ ಸಂಕಟದ ವಿಷಯ. ಬದಲಿಸುವಾಗ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರೇ ಉತ್ತಮ. ಹೊರಗೆ ಹಾಕಿಸುವುದಾದರೆ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂಬುದು ಅಲ್ಲೇ ಕಾಣುತ್ತದೆ. ಅಗ್ಗದ ನಕಲಿ ಬ್ಯಾಟರಿಯಲ್ಲಿ ಉಳಿತಾಯವಾಗುವುದು ಸಾಮಾನ್ಯವಾಗಿ ಆ ತೆಳು ಪೊರೆ ಮತ್ತು ರಕ್ಷಣಾ ಸರ್ಕ್ಯೂಟಿನ ಗುಣಮಟ್ಟದಲ್ಲಿ. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2007ರಲ್ಲಿ ನೋಕಿಯಾ, ತನಗೆ ಮತ್ಸುಶಿತಾ ತಯಾರಿಸಿಕೊಟ್ಟಿದ್ದ 4 ಕೋಟಿ 60 ಲಕ್ಷ ಬಿಎಲ್ 5ಸಿ ಬ್ಯಾಟರಿಗಳು ಚಾರ್ಜಿಂಗ್ ವೇಳೆ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿತ್ತು. ಆಗ ನಮ್ಮ ಮನೆಮನೆಗಳಲ್ಲಿ ಜನ ಫೋನಿನ ಹಿಂಬದಿ ತೆರೆದು ನಂಬರ್ ಓದುತ್ತಿದ್ದುದು ನೆನಪಿದೆ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹೊತ್ತಿದ್ದಕ್ಕೆ, ಒಂದು ಕಡೆಯ ಬ್ಯಾಟರಿಗಳಲ್ಲಿ ಮೂಲೆಯ ಎಲೆಕ್ಟ್ರೋಡ್ ಬಾಗಿದ್ದೂ ಇನ್ನೊಂದು ಕಡೆಯವುಗಳಲ್ಲಿ ಬೆಸುಗೆಯ ದೋಷವೂ ಕಾರಣವೆಂದು ಕಂಪನಿಯೇ ಪ್ರಕಟಿಸಿತು. ಕೂದಲೆಳೆಗಿಂತ ತೆಳುವಾದ ಪೊರೆಯೊಂದು ಹರಿದರೆ ಸಾಕು, ಎರಡೂ ಬದಿಗಳು ಒಳಗೇ ತಾಗಿಬಿಡುತ್ತವೆ.

ಉಬ್ಬಿದ ಬ್ಯಾಟರಿಯನ್ನು ಕಂಡರೆ ಮಾತ್ರ ನಾಳೆ ನೋಡೋಣ ಎನ್ನಬೇಡಿ. ಚಾರ್ಜಿಗೆ ಹಾಕಬೇಡಿ, ಎದ್ದ ಮುಚ್ಚಳವನ್ನು ಕೈಯಿಂದ ಒತ್ತಿ ಕೂರಿಸಲು ಹೋಗಬೇಡಿ, ಸೂಜಿಯಿಂದ ಚುಚ್ಚಿ ಗಾಳಿ ಬಿಡುತ್ತೇನೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಫೋನ್ ಆರಿಸಿ, ಬಟ್ಟೆ ಕಾಗದಗಳಿಂದ ದೂರ, ಗಟ್ಟಿ ನೆಲದ ಮೇಲಿಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರಿಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಮನೆ ಕಸದ ಗಾಡಿಗೆ ಹಾಕಬಾರದು. ಗಾಡಿಯಲ್ಲಿ ಕಸ ಒತ್ತಿದಾಗ ಅದು ನಜ್ಜುಗುಜ್ಜಾಗಿ ಹೊತ್ತಿಕೊಳ್ಳಬಹುದು, ಮೊದಲು ಸುಡುವುದು ಪೌರಕಾರ್ಮಿಕರ ಕೈ. ಬ್ಯಾಟರಿ ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದೇ.

ಗೆಳೆಯ ಮರುದಿನವೇ ಬ್ಯಾಟರಿ ಬದಲಿಸಿದ. ಹಳೆಯದನ್ನು ಮೇಜಿನ ಮೇಲೆ ಇಟ್ಟಾಗ ಅದು ಸಣ್ಣ ದಿಂಬಿನಂತೆ ನಡು ಉಬ್ಬಿ, ಆಚೀಚೆ ತೂಗುತ್ತಿತ್ತಂತೆ. ಅವನು ಈಗಲೂ ರಾತ್ರಿಯೇ ಚಾರ್ಜಿಗೆ ಹಚ್ಚುತ್ತಾನೆ, ನಾನು ಬೇಡವೆಂದಿಲ್ಲ. ಸ್ಕೂಟರಿನ ತಂತಿಯನ್ನು ಬಿಚ್ಚಿಟ್ಟಿದ್ದಾನೆ, ಹೊಸ ಬಡಾವಣೆಗೆ ಹೋಗುವಾಗ ಮಾತ್ರ ಫೋನು ಹೋಲ್ಡರಿಗೆ ಬರುತ್ತದೆ, ಮಿಕ್ಕ ಹೊತ್ತು ಔಷಧದ ಸ್ಯಾಂಪಲ್ಲುಗಳ ಚೀಲದೊಳಗೆ ನೆರಳಿನಲ್ಲಿರುತ್ತದೆ.